ಸೇಬು ಬಿಡಿಸಲು ಹೋದ ಬೋರಯ್ಯ

"ಈ ನೇಗಿ ಏನೋ ಮುಚ್ಚಿಡ್ತವ್ನೆ ಕಣ್ಲಾ," ಎಂದರು ಚಿಕ್ಕಬೋರಯ್ಯ, ಕನ್ನಡ ಬಾರದ ಆ ಸೇಬು ಬೆಳೆಗಾರ ನೇಗಿಯ ಮುಖವನ್ನೇ ನೋಡಿ ನಗುತ್ತಾ.

ಅನಂತರಾಜು ಕೆಮ್ಮಿದ. ಅವನೂ ಬೋರಯ್ಯನವರ ಹಾಗೆ ಗುಬ್ಬಿ ಕಡೆಯವನೇ. ಟಿಬೆಟ್ ಗಡಿಯ ಈ ಸೇಬಿನ ಊರಿನಲ್ಲಿ ಮಿಲಿಟರಿ ಡ್ಯೂಟಿ. ಹಿಂದಿ ತಿಳಿದ ಅವನನ್ನು ನಂಬಿಯೇ ಬೋರಯ್ಯ ನಾಲ್ಕು ದಿನ ರೈಲು, ಬಸ್ಸಿನಲ್ಲಿ ಮೈ ನುಗ್ಗುಮಾಡಿಕೊಂಡು ಬಂದಿದ್ದರು.

ಎಂಟು ವರ್ಷದ ಹಿಂದೆ, ತೊಂಬತ್ತೈದರಲ್ಲಿ, ಅವರು ತೆಂಗಿನ ತೋಟದ ನಡುವೆ ಒಂದು ಸೇಬಿನ ಸಸಿ ನೆಟ್ಟಿದ್ದರು. ಇವತ್ತಿಗೂ ಒಂದು ಹೂವಿಲ್ಲ. ಸಂತೆಯಲ್ಲಿ ಕಂಡವರೆಲ್ಲ, "ಬೋರಣ್ಣ, ಒಂದ್ ಕೇಜಿ ಸೇಬು ಕೊಡಣ್ಣ," ಎಂದು ರೇಗಿಸುತ್ತಿದ್ದರು. ಹೆಂಡತಿ ನರಸಮ್ಮನಂತೂ ಹೊರಡುವಾಗಲೇ, "ಬರಿಗೈಲಿ ಬಂದ್ರೆ ಆ ಗಿಡಾನ ಒಲೆಗೆ ಹಾಕ್ತೀನಿ," ಎಂದು ಖಡಾಖಂಡಿತವಾಗಿ ಹೇಳಿದ್ದರು. ಹಾಕುವ ಹೆಂಗಸೇ ಆಕೆ!

ನೇಗಿಯೋ, ಬಾಯಿ ಬಿಡಲೊಲ್ಲ. ಗೊಬ್ಬರ ಏನು ಎಂದರೆ, ನಿಮ್ಮ ಕಡೆ ಏನು ಹಾಕ್ತೀರಿ ಎನ್ನುತ್ತಾನೆ. ನೀರು ಎಷ್ಟು ಎಂದರೆ, ನೀವೆಷ್ಟು ಬಿಡ್ತೀರಿ ಎನ್ನುತ್ತಾನೆ.

"ಬುಡಕ್ಕೆ ಉಪ್ಪು ಹಾಕ್ಬೇಕಂತೆ, ನಿಜವಾ ಅಂತ ಕೇಳ್ತವ್ನೆ, ದೊಡ್ಡಪ್ಪ."

"ಸೇಬಿಗೆ ಉಪ್ಪಾ? ಖದೀಮ! ನನ್ ಗಿಡ ಸಾಯಿಸೋಕೆ ನೋಡ್ತವ್ನೆ!"

ಎರಡನೇ ಲೋಟ ಚಹಾ ಆರಿತು. ಬೋರಯ್ಯನವರಿಗೆ ಅಳು ಬರುವುದೊಂದು ಬಾಕಿ.

"ಅನಂತು, ಬಿಚ್ಚಿ ಹೇಳ್ಬುಡು. ಊರಲ್ಲಿ ತಲೆ ಎತ್ಕೊಂಡ್ ಓಡಾಡಕ್ಕಾಗ್ತಿಲ್ಲ. ಕೈ ಮುಗೀತೀನಿ, ಗುಟ್ಟು ಹೇಳಪ್ಪ ಅನ್ನು."

ಅನಂತರಾಜು ಹೇಳಿದ. ನೇಗಿಯ ಮುಖ ಕೆಂಪಾಯಿತು. ಆಚೀಚೆ ನೋಡಿ ಎದ್ದು, ಬನ್ನಿ ಎಂಬಂತೆ ಕೈಮಾಡಿ ಹಿತ್ತಿಲಿಗೆ ನಡೆದ. ಅಲ್ಲೊಂದು ಗಾಜಿನ ಕೋಣೆ. ಒಳಗೆ ಸೌದೆ ಒಲೆ ಧಗಧಗ ಉರಿಯುತ್ತಿತ್ತು. ಹೊರಗೆ ಹಿಮ, ಒಳಗೆ ಗುಬ್ಬಿಯ ಬೇಸಿಗೆ. ಬೋರಯ್ಯ ಸ್ವೆಟರ್ ಬಿಚ್ಚಿದರು.

ಮೂಲೆಯಲ್ಲಿ, ಕಂಬಳಿ ಸುತ್ತಿದ ಡ್ರಮ್ಮಿನಲ್ಲಿ, ಸೊಂಟದೆತ್ತರದ ಬಡಕಲು ತೆಂಗಿನ ಸಸಿ. ನೇಗಿ ಕೈಮುಗಿದು ಏನೇನೋ ಹೇಳತೊಡಗಿದ. ಅವನ ಕಣ್ಣು ತುಂಬಿತ್ತು.

ಅನಂತರಾಜು ತಲೆ ತಗ್ಗಿಸಿಕೊಂಡೇ ಕನ್ನಡಕ್ಕೆ ತಂದ: "ಹನ್ನೆರಡು ವರ್ಷ ಆಯ್ತಂತೆ, ದೊಡ್ಡಪ್ಪ. ಊರೋರೆಲ್ಲ ನಗ್ತಾರಂತೆ. ನೀವು ತೆಂಗಿನ ಸೀಮೆಯವರು, ಸುಳ್ಳು ಹೇಳಲ್ಲ, ಇದು ಯಾವಾಗ ಕಾಯಿ ಬಿಡುತ್ತೆ ಹೇಳಿ ಅಂತವ್ನೆ."