ಎಡಗೆನ್ನೆ

ಮತ್ತೆ ಅದೇ ಎಡಗೆನ್ನೆ. ನಿನ್ನೆ ಕೆಂಪಗಿತ್ತು, ಇವತ್ತು ಬಾತು ನೀಲಿಗಟ್ಟಿದೆ. ಹೊಲಿಗೆ ಅಂಗಡಿಯಿಂದ ಬಂದ ತಾಯಿ ಚಪ್ಪಲಿಯನ್ನೂ ಬಿಡದೆ ಮಗನೆದುರು ಕುಕ್ಕರಿಸಿದಳು. ಮಗನಿಗೆ ಇಪ್ಪತ್ತಾರು ವರ್ಷ. ಬುದ್ಧಿ ಮಾತ್ರ ಒಂದು ವರ್ಷದ ಕೂಸಿನದು. ಯಾರು ಹೊಡೆದರೆಂದು ಕೇಳಿದರೆ ಪಾಪ, ಅವನು ಏನು ಹೇಳಿಯಾನು?

"ನಾನಲ್ಲ ಅಕ್ಕ," ಎಂದಳು ಅವನನ್ನು ನೋಡಿಕೊಳ್ಳುವ ಆಯಾ, ಕೇಳುವ ಮೊದಲೇ. "ಅವನೇ ಗುದ್ದಿಕೊಳ್ತಾನೆ."

ಕೇಳದೆ ಬಂದ ಉತ್ತರ ತಾಯಿಗೆ ಸರಿಬರಲಿಲ್ಲ. ತನ್ನೆದುರಿಗೂ ಅವನು ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದ, ನಿಜ. ಆದರೆ ಈ ಪಾಟಿ ಬಾವು?

ಮೂರು ವರ್ಷದ ಹಿಂದೆ ಅವನದು ಒಂದೇ ರಗಳೆ: ಅಮ್ಮ ಕೆಲಸಕ್ಕೆ ಹೊರಟರೆ ಬಾಗಿಲು ಬಡಿಯುವುದು. ನೆರೆಹೊರೆಯವರು ಗೊಣಗಿದರು, ಡಾಕ್ಟರು ಅವನು ಶಾಂತವಾಗಿರಲೆಂದು ಅರ್ಧ ಮಾತ್ರೆ ಬರೆದರು. ಆಮೇಲೆ ಗುದ್ದಿಕೊಳ್ಳುವುದು ಶುರುವಾಯಿತು; ಒಂದು ಮಾತ್ರೆಯಾಯಿತು. ಗುದ್ದು ಜೋರಾಯಿತು, ಹೊತ್ತಿಗೆರಡು, ದಿನಕ್ಕೆ ಮೂರು ಹೊತ್ತು. ಬೇವಿಗಿಂತ ಕಹಿ. ಮೊದಮೊದಲು ಕೊಟ್ಟದ್ದನ್ನೆಲ್ಲ ಥೂ ಎಂದು ಉಗಿಯುತ್ತಿದ್ದ.

ಅದಕ್ಕೆ ಅರ್ಧ ಮಾತ್ರೆಯ ಕಾಲದಲ್ಲೇ ಉಪಾಯ ಹುಡುಕಿದವಳು ತಾಯಿಯೇ. ಪುಡಿ ಮಾಡಿ, ಗಟ್ಟಿ ಜೇನಿನಲ್ಲಿ ಕಲಸಿ, ಎದುರಿಗೆ ಕೂತು ಬಲಗೈ ಬೆರಳಿನಿಂದ ದವಡೆಯ ಸಂದಿಗೆ ಒತ್ತಿಬಿಡುವುದು. "ಚೀಪು ನನ್ನ ರಾಜ, ಎಲ್ಲಿ, ನಗು ನೋಡೋಣ." ಅವನು ಕಣ್ಣುಮುಚ್ಚಿ ಚೀಪುತ್ತ ನಗುತ್ತಿದ್ದ, ಚೀಪುತ್ತಲೇ ನಿದ್ದೆ. ಇಡೀ ದಿನದಲ್ಲಿ ಅವನು ನಗುತ್ತಿದ್ದುದು ಆಗ ಮಾತ್ರ. ಆ ನಗುವನ್ನು ಬೇರೆಯವರ ಕೈಗೆ ಬಿಟ್ಟುಕೊಡಲು ಅವಳಿಗೆ ಮನಸ್ಸಿಲ್ಲ. ಮಧ್ಯಾಹ್ನದ ಡೋಸಿಗೂ ಅಂಗಡಿಯಿಂದ ಓಡಿ ಬರುತ್ತಿದ್ದಳು.

"ಬಾಯಿ ಮುಕ್ಕಳಿಸ್ಲಾ ಅಕ್ಕ?" ಎಂದು ಆಯಾ ಕೇಳುವುದಿತ್ತು.

"ಬೇಡ, ಬೇಡ. ನೀರು ಹಾಕಿದ್ರೆ ಮಾತ್ರೆಯೆಲ್ಲ ಹೊರಗೆ. ನಿನಗೇನು ಗೊತ್ತಾಗುತ್ತೆ?"

ಈಗ ಆ ಬಾವು ನೋಡಿ ಅವಳು ಆಯಾಳತ್ತ ತಿರುಗಿದಳು. "ನಾಳೆಯಿಂದ ಬರಬೇಡ," ಎಂದಳು.

ಆರು ವರ್ಷ ಅವನಿಗೆ ತುತ್ತಿಟ್ಟವಳು ಜಗಳವಾಡಲಿಲ್ಲ. ಅವನ ತಲೆ ಸವರಿದಳು. "ಬಾಯಿ ಒಂದ್ಸಲ ಯಾರಿಗಾದ್ರೂ ತೋರಿಸಿ ಅಕ್ಕ," ಎಂದು ಕಣ್ಣೊರೆಸಿಕೊಂಡು ಹೋದಳು.

ತಾಯಿ ಕೆಲಸಕ್ಕೆ ರಜೆ ಹಾಕಿ ಮಗನ ಪಕ್ಕದಲ್ಲೇ ಕೂತಳು. ಮೂರು ಹೊತ್ತೂ ತಪ್ಪದೆ ಮಾತ್ರೆ ಕೊಟ್ಟಳು. ಮನೆಯಲ್ಲಿ ಇಬ್ಬರೇ. ವಾರದಲ್ಲಿ ಬಾವು ಕಣ್ಣಿನವರೆಗೆ ಏರಿತು.

ದಂತವೈದ್ಯೆ ಅವನನ್ನು ಮಂಪರಿನಲ್ಲಿ ಮಲಗಿಸಿ ಬಾಯಿ ತೆರೆದು ಹಲ್ಲುಗಳನ್ನು ಒಂದೊಂದಾಗಿ ತಟ್ಟಿ ನೋಡಿದರು.

"ಎಡಗಡೆ ಐದು ಹಲ್ಲು ಬೇರಿನ ತನಕ ಕೊಳೆತಿವೆ. ಹೇಳೋಕೆ ಬಾಯಿಲ್ಲ, ನೋಯೋ ಕಡೆ ಗುದ್ದಿಕೊಂಡು ತೋರಿಸಿದ್ದಾನೆ ಅಷ್ಟೆ."

"ಆಯಾ ಹೊಡೀಲಿಲ್ವಾ?" ಎಂದಳು ತಾಯಿ.

"ಯಾರೂ ಹೊಡೆದಿಲ್ಲ ಅಮ್ಮ. ಆದರೆ ಬಲಗಡೆ ಹಲ್ಲು ಒಂದೂ ಕೆಟ್ಟಿಲ್ಲ, ಅದೇ ಆಶ್ಚರ್ಯ. ವರ್ಷಗಟ್ಟಲೆ ಎಡಗಡೆಗೇ ಸಿಹಿ ಇಟ್ಟು ಮಲಗಿಸಿದ ಹಾಗಿದೆ. ಇವನಿಗೆ ತಿನ್ನಿಸೋರು ಯಾರು?"

ತಾಯಿ ಬಲಗೈ ಬೆರಳುಗಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು.