ಮಗ್ಗಲು ಬದಲಿಸಿದ ಕುದುರೆ

ಶ್ಯಾಂಪೂ ನೊರೆಯ ಬಕೆಟ್ಟನ್ನು ಕುದುರೆಯ ಬೆನ್ನಿನ ಮಟ್ಟಕ್ಕೆ ಎತ್ತಿದ ಯಶೋದಾ ಸುರಿಯದೆ ಹಾಗೇ ನಿಂತಳು. "ಗೌಡ್ರೇ, ಇದು ಬಯಲಲ್ಲೇ ಮಲಗೋ ಪ್ರಾಣಿ. ಮೈಯ ಜಿಡ್ಡು ಹೋದ್ರೆ ಮಳೆ ನೇರ ಚರ್ಮಕ್ಕೇ ಇಳಿಯುತ್ತೆ. ಅಪ್ಪ ಒಣಗಿದ ಕೆಸರು ಉದುರಿಸ್ತಿದ್ರೇ ಹೊರತು ಸೋಪು ಮುಟ್ಟಿಸ್ತಿರ್ಲಿಲ್ಲ."

"ನಿಮ್ಮಪ್ಪ ತನಗೂ ಸೋಪು ಮುಟ್ಟಿಸ್ಕೊಂಡದ್ದು ನಾನು ಕಾಣೆ," ಎಂದ ಲೋಹಿತ್ ಗೌಡ. ತನ್ನ ಹೋಂಸ್ಟೇಗೆ ಬಂದ ಮದುಮಕ್ಕಳ ಫೋಟೋಗೆ ಅವನಿಗೆ ಹೊಳೆಯುವ ಕುದುರೆ ಬೇಕಿತ್ತು. "ಹೊಯ್ಯಿ ಮಾರಾಯ್ತಿ. ಆಗಲ್ಲ ಅಂದ್ರೆ ನಾಳೆಯಿಂದ ಕೆಲಸಕ್ಕೆ ಬರೋದು ಬೇಡ."

ಟಕ್, ಟಕ್. ಸದ್ದು ಬಂದದ್ದು ಹಿಂದಿನ ಸಿಲ್ವರ್ ಓಕ್ ಮರದಿಂದ. ಕುದುರೆ ಕಿವಿ ನಿಮಿರಿಸಿ, ನಿಧಾನಕ್ಕೆ ತಿರುಗಿ, ಇನ್ನೊಂದು ಮಗ್ಗಲನ್ನು ಮರದತ್ತ ಒಡ್ಡಿ ನಿಂತಿತು. ಹೋದ ವರ್ಷ ತೀರಿಕೊಂಡ ಅವಳಪ್ಪ ಶೇಷಪ್ಪ ಒಂದು ಮಗ್ಗಲು ಉಜ್ಜಿ ಮುಗಿಸಿದೊಡನೆ ಕಬ್ಬಿಣದ ಬಾಚಣಿಗೆಯನ್ನು ಅದೇ ಮರಕ್ಕೆ ಬಡಿದು ಕೂದಲು ಕೊಡವುತ್ತಿದ್ದ. ಆ ಸದ್ದಿಗೆ ಕುದುರೆ ತಾನಾಗಿ ತಿರುಗುತ್ತಿತ್ತು. "ಮರಕುಟಿಗ," ಎಂದ ಗೌಡ, ಯಾರೂ ಕೇಳದಿದ್ದರೂ. ಯಶೋದಾ ಸೊಂಟಕ್ಕೆ ಸಿಕ್ಕಿಸಿದ್ದ ಅಪ್ಪನ ಅದೇ ಬಾಚಣಿಗೆಯನ್ನು ಮುಟ್ಟಿ ನೋಡಿಕೊಂಡಳು. ಅಲ್ಲೇ ಇತ್ತು.

ಕುದುರೆ ಕತ್ತು ಚಾಚಿ ಮೇಲ್ದುಟಿಯನ್ನು ಅದುರಿಸಿತು. ಯಾರಾದರೂ ಹೆಗಲು ಉಜ್ಜಿದಾಗ ಮಾತ್ರ ಅದು ಹಾಗೆ ಮಾಡುತ್ತಿತ್ತು. ಯಾರೂ ಮುಟ್ಟದಿದ್ದರೂ ಮರದ ಕಡೆಯ ಹೆಗಲಿನಿಂದ ಒಣ ಕೆಸರು ಪುಡಿಪುಡಿಯಾಗಿ ಉದುರತೊಡಗಿತು. ಅದರಡಿಯ ಕೂದಲು ಸಾಲುಸಾಲಾಗಿ ನೀಟಾಗಿ ಮಲಗುತ್ತ ಹೋಯಿತು. ಗೌಡ ಅವಳ ಕೈಯಿಂದ ಬಕೆಟ್ ತೆಗೆದುಕೊಂಡು ನೊರೆಯನ್ನೆಲ್ಲ ಚರಂಡಿಗೆ ಸುರಿದ. "ಹೊಳಪು ಬೇಕಾದ್ರೆ ಫೋಟೋದವನು ಕಂಪ್ಯೂಟರಲ್ಲಿ ಹಚ್ಕೊಳ್ಲಿ. ನೀನು ನಾಳೆ ಬೇಗ ಬಾ." ದನಿ ಎಂದಿನಂತೆಯೇ ಇತ್ತು. ಚಪ್ಪಲಿ ಮಾತ್ರ ಯಾವಾಗಲೋ ಕಳಚಿಟ್ಟು, ಬರಿಗಾಲಲ್ಲಿ ನಿಂತಿದ್ದ.