ಮನ್ಮಥಪ್ಪನ ತಗ್ಗು

ಮುದುಕ ಮನ್ಮಥಪ್ಪನ ಕೊಡಲಿ ಅಗೆಯುವ ಆಳು ಅಂಬಾದಾಸನ ಭುಜಕ್ಕೆ ಬಿತ್ತು. ರಕ್ತ ಚಿಮ್ಮಿ ಯೋಗಿತಾಳ ಕೈಯಲ್ಲಿದ್ದ ನಕಾಶೆ ಕೆಂಪಾಯಿತು.

"ಇನ್ನೊಂದ ಗುದ್ದಲಿ ಬಿದ್ರ ಎಲ್ಲಾರ್ನೂ ಇಲ್ಲೇ ಹೂಳ್ತೀನಿ!"

ಅಗೆಯಲು ಬಂದಿದ್ದ ಉಳಿದ ಆಳುಗಳು ಸುಮ್ಮನಿರುತ್ತಾರೆಯೇ? ಮೇಲೆ ಬಿದ್ದು ಮುದುಕನ ಹಲ್ಲು ಉದುರುವಂತೆ ಬಡಿದರು, ಬೇವಿನ ಮರಕ್ಕೆ ಬಿಗಿದರು. ಅಂಬಾದಾಸನನ್ನು ಜೀಪಿಗೆ ಹಾಕಿ ಉಮರ್ಗಾದ ದವಾಖಾನೆಗೆ ಅಟ್ಟಿದರು.

ಯೋಗಿತಾ ಉದಗೀರದವಳು, ಭೂವಿಜ್ಞಾನಿ. ಗುಂಜೋಟಿ ಹತ್ತಿರದ ಮನ್ಮಥಪ್ಪನ ಹೊಲದಲ್ಲಿನ ಗುಂಡನೆಯ ತಗ್ಗು ಆಕಾಶದಿಂದ ಬಿದ್ದ ಕಲ್ಲಿನ ಹೊಡೆತಕ್ಕೆ ಆದದ್ದೆಂದು ಅವಳ ಗುಮಾನಿ. ಸುತ್ತಲೂ ದಂಡೆ ಉಬ್ಬಿತ್ತು. ಕಲ್ಲಿನ ಪದರಗಳು ಹೊರಕ್ಕೆ ಮಗುಚಿದ್ದವು. ಕರಗಿ ಗಾಜಾದ ಚೂರುಗಳೂ ಸಿಕ್ಕಿದ್ದವು. ನಟ್ಟನಡುವೆ ಅಗೆದು ನುಜ್ಜುಗುಜ್ಜಾದ ಕಲ್ಲು ಸಿಕ್ಕರೆ ಪುರಾವೆ ಪೂರ್ತಿ. ಸರ್ಕಾರದ ಪರವಾನಗಿಯೂ ಇತ್ತು.

ಆ ನಟ್ಟನಡುವಿಗೇ ಮನ್ಮಥಪ್ಪ ಏಳು ವರ್ಷದಿಂದ ಕಾವಲು ಕೂತಿದ್ದ. ನೇಗಿಲು ತಾಗಿಸಿರಲಿಲ್ಲ, ದನ ಬಿಟ್ಟಿರಲಿಲ್ಲ. ಊರೇನು ಸುಮ್ಮನಿತ್ತೇ? ಏಳು ವರ್ಷದ ಹಿಂದಿನ ಭೂಕಂಪದ ಗದ್ದಲದಲ್ಲಿ ಹೆಂಡತಿ ರಂಭಾಬಾಯಿಯನ್ನು ಕೊಂದು ಹೂತಿದ್ದಾನೆ ಎನ್ನುತ್ತಿತ್ತು. ಅವಳ ಹೆಣ ಚಿತೆ ಏರಿದ್ದನ್ನು ಕಂಡವರೇ ಇರಲಿಲ್ಲ.

ಮುದುಕನನ್ನು ಕಟ್ಟಿದ ಮೇಲೆ ಆಳುಗಳು ಮತ್ತೆ ಗುದ್ದಲಿ ಹಿಡಿದರು. ಆಳುದ್ದ ಅಗೆದಾಗ ನೆಟ್ಟಗೆ ನಿಲ್ಲಿಸಿದ್ದ ಚಪ್ಪಡಿ ಸಿಕ್ಕಿತು. ಕಿತ್ತರು. ಹಿಂದೆ ಗೂಡು, ಗೂಡಿನೊಳಗೆ ಎಲುಬು.

"ಹಲ್ಕಟ್ ಖೂನಿ!" ಆಳೊಬ್ಬ ಓಡಿಹೋಗಿ ಕಟ್ಟಿದ್ದ ಮುದುಕನ ಎದೆಗೆ ಒದ್ದ.

ಮನ್ಮಥಪ್ಪ ರಕ್ತ ಉಗುಳಿ ಗೊಳೋ ಎಂದು ಅತ್ತ. "ನಾ ಕೊಂದಿಲ್ಲೋ! ಮನಿ ಬಿದ್ದು ಸತ್ಳು. ಅವತ್ತ ಎಲ್ಲಾ ಹೆಣಾ ಕೂಡ್ಸಿ ಸುಡ್ತಿದ್ರು. ಲಿಂಗಾ ಕಟ್ಟಿದಾಕೀನ್ನ ಹ್ಯಾಂಗ ಸುಡ್ಲಿ? ನಮ್ಮಾಗ ಮಣ್ಣು ಮಾಡ್ತಾರ. ಹೊತ್ಕೊಂಡು ಓಡಿ ಬಂದೆ. ಗೂಡಿನಾಗ ಕೂಡ್ಸಿ, ಕೈಯಾಗ ಲಿಂಗಾ ಇಟ್ಟು, ಚಪ್ಪಡಿಗೆ ಹಸಿಮಣ್ಣು ಮೆತ್ತಿ ಮುಚ್ಚಿದೆ. ತಿಳದ್ರ ತಗದು ಸುಡ್ತಾರಂತ ಅಂಜಿದ್ದೆ."

ಯೋಗಿತಾ ಮುದುಕನತ್ತ ಓಡಿದಳು. ಛೇ, ಎಂಥವನನ್ನು ಹೊಡೆಸಿಬಿಟ್ಟೆವು! ತಾನೇ ಹಗ್ಗ ಬಿಚ್ಚಿದಳು.

"ಒಮ್ಮಿ ನೋಡಿ ಬಾ ಯವ್ವಾ," ಮುದುಕ ಕೈ ಮುಗಿದ. "ಆರಾಮ ಕೂತಾಳಲ್ಲ?"

ಅವಳು ಇಳಿದಳು. ಗೂಡಿನೊಳಗೆ ಬಗ್ಗಿ ನೋಡಿದಳು. ಕಿತ್ತಿಟ್ಟ ಚಪ್ಪಡಿಯನ್ನು ಮಗುಚಿದಳು.

"ಹೂಂ ರೀ ಕಾಕಾ, ಆರಾಮ ಕೂತಾಳ," ಎಂದು ಕೂಗಿದಳು. "ನೀವು ಇಳೀಬ್ಯಾಡ್ರಿ."

ಚಪ್ಪಡಿಯ ಒಳಮೈಗೆ ಮೆತ್ತಿ ಒಣಗಿದ್ದ ಮಣ್ಣಿನ ತುಂಬ ಒಳಗಿನಿಂದ ಹತ್ತು ಬೆರಳುಗಳು ಬಗೆದ ಗೀರುಗಳಿದ್ದವು.